ಜಪಾನಿ ಮನೇಲಿ ಎರಡು ರಾತ್ರಿ: ಮೀನಿನ ಪ್ಯಾಕೆಟ್ಟು, ಕಾಕಿ ಹಣ್ಣು, ಯೂಜು ಚಿತ್ರಾನ್ನ

ಅರಸೀಕೆರೆ_ಎಕ್ಸ್‌ಪ್ರೆಸ್

ಹೋಗ್ಬಂದೆ! ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗೆ, ಎರಡು ರಾತ್ರಿ. ಉದ್ದ ಬರೀತೀನಿ, ಟೈಮ್ ಇಲ್ದಿರೋರು ನೇರ ಕಾಕಿ ಹಣ್ಣಿನ (ಇಂಗ್ಲಿಷ್‌ನಲ್ಲಿ ಪರ್ಸಿಮನ್) ಕಥೆಗೆ ಹೋಗಿ, ನನಗೆ ಹೇಳ್ಬೇಕಿರೋದು ಅದೇ.

ನಾನಿರೋದು ಇಶಿಕಾವಾ ಪ್ರಿಫೆಕ್ಚರ್‌ನಲ್ಲಿ (ಪ್ರಿಫೆಕ್ಚರ್ ಅಂದ್ರೆ ಇಲ್ಲಿನ ಪ್ರಾಂತ್ಯ), ಕನಜವಾದಿಂದ ಟ್ರೈನಲ್ಲಿ ಅರ್ಧ ಗಂಟೆ. ಮಾಸ್ಟರ್ಸ್‌ಗೆ ಬಂದು ಒಂದು ವರ್ಷ ಆಗ್ತಾ ಬಂತು, ಇಷ್ಟು ದಿನದಲ್ಲಿ ಒಂದೇ ಒಂದು ಜಪಾನಿ ಮನೆ ಹೊಸಿಲು ದಾಟಿರ್ಲಿಲ್ಲ, ಲ್ಯಾಬು, ಡಾರ್ಮು, ಕೊಂಬಿನಿ ಅನ್ನೋ ಬೀದಿ ಅಂಗಡಿ, ಮತ್ತೆ ಲ್ಯಾಬು, ಇಷ್ಟೇ ಜೀವನ. ನಮ್ಮೂರ ಥರ "ಬನ್ನಿ ಒಳಗೆ, ಒಂದ್ ಲೋಟ ಕಾಫಿ ಕುಡ್ಕೊಂಡ್ ಹೋಗಿ" ಅನ್ನೋದು ಇಲ್ಲಿ ಕಮ್ಮಿ, ಸೇರೋದೇನಿದ್ರೂ ಹೊರಗೆ ಹೋಟ್ಲಲ್ಲಿ. ಅದಕ್ಕೇ ವೀಕೆಂಡ್ ಹೋಮ್‌ಸ್ಟೇ ನೋಟಿಸ್ ಕಂಡಿದ್ ತಕ್ಷಣ ಹೆಸ್ರು ಕೊಟ್ಟೆ. ದುಡ್ಡು ಕಾಸೇನಿಲ್ಲ, ಕರ್ಕೊಳ್ಳೋ ಮನೆಯವ್ರೆಲ್ಲ ವಾಲಂಟಿಯರ್ಸ್, ನಮ್ಮ ಟ್ರೈನ್ ಚಾರ್ಜು ಮಾತ್ರ ನಮ್ದು. ಫಾರಂನಲ್ಲಿ ಅಲರ್ಜಿ ಇದ್ಯಾ, ನಾಯಿ ಬೆಕ್ಕು ಇದ್ರೆ ಪರ್ವಾಗಿಲ್ವಾ, ಏನು ತಿನ್ನಲ್ಲ ಅಂತ ಕೇಳಿದ್ರು. ನಾನು "ವೆಜಿಟೇರಿಯನ್" ಅಂತ ಒಂದೇ ಪದ ಬರೆದು ಸುಮ್ನಾದೆ. ತಪ್ಪು ನಂದೇ, ಮುಂದೆ ಬರತ್ತೆ.

ಮನೇಲಿ ಐದು ಜನ. ಒತೋಸಾನ್ ಅಂದ್ರೆ ಅಪ್ಪ, ಒಕಾಸಾನ್ ಅಂದ್ರೆ ಅಮ್ಮ, ಏಳನೇ ಕ್ಲಾಸಿನ ಮಗಳು, ಮೂರನೇ ಕ್ಲಾಸಿನ ಮಗ, ಆಮೇಲೆ ಒಬಾಚಾನ್, ಅಂದ್ರೆ ಆ ಅಮ್ಮನ ಅಮ್ಮ. ಅಜ್ಜಿ ಊರು ನೋತೋ ಕಡೆ, ಶಿಕಾ. ಈ ವರ್ಷ, 2024ರ ಜನವರಿ 1ನೇ ತಾರೀಖು ಸಂಜೆ ನೋತೋದಲ್ಲಿ 7.6ರ ಭೂಕಂಪ ಆಯ್ತಲ್ಲ, ಶಿಕಾದಲ್ಲಿ ಅಲುಗಾಟ ಜಪಾನಿನ ಅಳತೆಯ ತುತ್ತತುದಿ, ಶಿಂದೋ 7. ಅಜ್ಜಿ ಮನೆ ವಾಲ್ಕೊಂಡ್ಬಿಡ್ತು. ಆವತ್ತಿಂದ ಮಗಳ ಮನೇಲೇ ಇದಾರೆ. ನಾನು ಹೋದಾಗ ಕೊತಾತ್ಸು ಒಳಗೆ ಕಾಲು ಚಾಚ್ಕೊಂಡು (ಕೆಳಗೆ ಹೀಟರ್, ಮೇಲೆ ರಜಾಯಿ ಹೊದಿಸಿರೋ ಗಿಡ್ಡ ಟೇಬಲ್ಲು, ಒಂದ್ಸಲ ಕೂತ್ರೆ ಏಳೋ ಮನಸ್ಸೇ ಆಗಲ್ಲ) ಟೀವಿ ನೋಡ್ತಿದ್ರು, ತಲೆ ಬಗ್ಗಿಸಿ ನಮಸ್ಕಾರ ಮಾಡಿ ಮತ್ತೆ ಟೀವಿಗೆ ತಿರುಗಿದ್ರು. ನನಗೆ ಹೆದ್ರಿಕೆ ಆಯ್ತು ಸ್ವಲ್ಪ.

ಬಾಗ್ಲಲ್ಲಿ ನಾನು ಬಿಟ್ಟ ಶೂನ ಆ ಚಿಕ್ಕ ಹುಡುಗ ಸದ್ದಿಲ್ದೆ ತಿರುಗಿಸಿ ಮೂತಿ ಹೊರಗಡೆಗೆ ಮಾಡಿಟ್ಟ. ಸ್ಲಿಪ್ಪರ್ ಪುರಾಣ ಬರೆಯಲ್ಲ, ಎಲ್ರಿಗೂ ಗೊತ್ತಿರೋದೇ. ನಾನು ತಗೊಂಡ್ ಹೋಗಿದ್ದು ಮೈಸೂರ್ ಪಾಕ್, ದೀಪಾವಳಿಗೆ ಅಮ್ಮ ಕಳ್ಸಿದ್ ಪಾರ್ಸಲ್‌ನಲ್ಲಿ ಬಂದಿದ್ದು. ಒಕಾಸಾನ್ ಎರಡೂ ಕೈಲಿ ಇಸ್ಕೊಂಡ್ರು, ಆದ್ರೆ ಡಬ್ಬಿ ತೆಗೀಲಿಲ್ಲ. ಒಳಗಿನ ರೂಮಿಗೆ ಹೋಗಿ ಬುತ್ಸುದಾನ್ ಮುಂದೆ ಇಟ್ರು. ನಮ್ಮ ದೇವರ ಮನೆ ಇದ್ದ ಹಾಗೆ ಅದು, ಬೀರು ಥರದ ಮಂಟಪ, ಬುದ್ಧನಿಗೂ ತೀರ್ಕೊಂಡ ಹಿರಿಯರಿಗೂ ಅದೇ ಜಾಗ. ಒಳಗೆಲ್ಲ ಚಿನ್ನದ ರೇಕು, ಜಪಾನಿನ ಚಿನ್ನದ ರೇಕು ಹೆಚ್ಚುಕಮ್ಮಿ ಪೂರ್ತಿ ಕನಜವಾದಲ್ಲೇ ಆಗೋದು, ಹಾಗಾಗಿ ಈ ಕಡೆ ಬುತ್ಸುದಾನ್‌ಗಳು ಸಖತ್ ಜಗಮಗ. ಅಜ್ಜಿ ಎದ್ದು ಬಂದು ಪುಟ್ಟ ಬಟ್ಟಲ ಗಂಟೆನ ಚೀಂ ಅನ್ನಿಸಿ ಕೈ ಮುಗಿದು "ನಮಾಂದಾಬು" ಅಂದ್ರು. ನಮು ಅಮಿದಾ ಬುತ್ಸು ಅನ್ನೋದು ಬಾಯಲ್ಲಿ ಸವೆದು ಹಾಗಾಗಿರೋದು, ಆ ನಮು ನಮ್ಮ ನಮೋನೇ. ಅರಸೀಕೆರೆ ಮೈಸೂರ್ ಪಾಕು ಅಮಿತಾಭ ಬುದ್ಧನ ಮುಂದೆ ನೈವೇದ್ಯಕ್ಕೆ ಕೂತಿತ್ತು. ಫೋಟೋ ತೆಗೀಬೇಕು ಅನ್ನಿಸ್ತು, ಧೈರ್ಯ ಬರ್ಲಿಲ್ಲ.

ಈಗ ಊಟ. ಟೇಬಲ್ ತುಂಬ ತರಕಾರಿ, ಕುಂಬಳಕಾಯಿ ತೆಂಪುರಾ (ನಮ್ಮ ಬಜ್ಜಿ ಥರ), ಕಮಲದ ಬೇರಿನ ತೆಂಪುರಾ, ತೋಫು, ಮಿಸೋ ಸಾರು (ಮಿಸೋ ಅಂದ್ರೆ ಹುಳಿಬರಿಸಿದ ಸೋಯಾ ಪೇಸ್ಟ್), ಬೇಯಿಸಿದ ಮೂಲಂಗಿ. ಆ ತೋಳು ಗಾತ್ರದ ದೈಕೋನ್ ಇರತ್ತಲ್ಲ, ಅದರ ಎರಡು ಬೆರಳು ದಪ್ಪದ ಬಿಲ್ಲೆಗಳು, ಚಾಪ್‌ಸ್ಟಿಕ್ ತಾಗಿದ್ರೆ ಬೆಣ್ಣೆ ಥರ ಬಿಟ್ಕೊಳ್ತಿತ್ತು. ಮನೇಲಿ ಮೂಲಂಗಿ ಹುಳಿ ಅಂದ್ರೆ ಮೊಸರನ್ನಕ್ಕೆ ಓಡ್ತಿದ್ದವಳು ಮೂರು ಬಿಲ್ಲೆ ತಿಂದು, ಹೇಗ್ ಮಾಡಿದ್ರಿ ಅಂತ ಬೇರೆ ಕೇಳ್ದೆ. ಒಕಾಸಾನ್ ಮುಖ ಅರಳಿಸ್ಕೊಂಡು ಎದ್ದುಹೋಗಿ ದಾಶಿ ಅನ್ನೋ, ಅಡುಗೆಗೆ ರುಚಿ ಕೊಡೋ ತಿಳಿಸಾರಿನ ಪ್ಯಾಕೆಟ್ ತಂದು ತೋರಿಸಿದ್ರು.

ಪ್ಯಾಕೆಟ್ ಮೇಲೆ ಮೀನಿನ ಚಿತ್ರ.

ನನ್ನ ಮುಖದಲ್ಲಿ ಏನು ಕಾಣಿಸ್ತೋ, ಅವರಿಗೆ ತಕ್ಷಣ ಗೊತ್ತಾಗೋಯ್ತು. ಇಲ್ಲಿ ಮಾಂಸದ ತುಂಡು ಇಲ್ಲ ಅಂದ್ರೆ ಅದು ವೆಜಿಟೇರಿಯನ್ನೇ, ದಾಶಿ ಅನ್ನೋದು ಮೀನಲ್ಲ, ಅದು "ರುಚಿ". ನಾವು ಹುಳಿಗೆ ಇಂಗು ಹಾಕಿದ್ದನ್ನ ಯಾರಾದ್ರೂ ಪದಾರ್ಥ ಅಂತ ಲೆಕ್ಕ ಹಾಕ್ತೀವಾ, ಹಾಗೆ. ಒಕಾಸಾನ್ ಕಣ್ಣಲ್ಲಿ ನೀರೇ ಬಂದ್ಬಿಡ್ತು, ಸುಮಿಮಾಸೆನ್ ಸುಮಿಮಾಸೆನ್ ಅಂತ ಬಗ್ಗಿ ಬಗ್ಗಿ ಕ್ಷಮೆ ಕೇಳೋರು, ನಾನು ದೈಜೋಬು ದೈಜೋಬು ಅನ್ನೋಳು, ಒತೋಸಾನ್ ಪಾಪ ಫೋನಲ್ಲಿ ಏನೋ ಹುಡುಕೋರು, ಮಕ್ಕಳು ತಟ್ಟೆ ನೋಡ್ಕೊಂಡು ಕೂತಿದ್ವು. ಭೂಮಿ ಬಾಯ್ಬಿಡ್ಬಾರ್ದಾ ಅನ್ನಿಸ್ತು. (ಈ ಊರಲ್ಲಿ ಆ ಮಾತು ಆಡ್ಬಾರ್ದು, ಆದ್ರೂ.)

ಆಗ ಅಲ್ಲೀವರೆಗೂ ಬಾಯಿಬಿಡದ ಅಜ್ಜಿ ಏನೋ ಒಂದು ಪದ ಅಂದ್ರು. ಒಕಾಸಾನ್ "ಆ!" ಅಂದು ಹಣೆ ಮುಟ್ಕೊಂಡ್ರು. ಅಜ್ಜಿ ಅಂದಿದ್ದು ಹೋಓನ್‌ಕೋ. ಇವ್ರೆಲ್ಲ ಜೋದೋ ಶಿನ್‌ಶೂ ಪಂಥದವ್ರು, ಅದನ್ನ ಶುರು ಮಾಡಿದ ಶಿನ್‌ರಾನ್ (1173–1263) ಅನ್ನೋ ಗುರುಗಳ ಆರಾಧನೆ ಈ ಕಡೆ ಸುಗ್ಗಿ ಮುಗಿದ್ಮೇಲೆ ಮಾಡ್ತಾರೆ, ಆ ದಿನದ ಅಡುಗೇಲಿ ಮೀನೂ ಇಲ್ಲ ಮಾಂಸವೂ ಇಲ್ಲ, ಸಾರಿಗೆ ಕೊಂಬು ಅಂದ್ರೆ ಸಮುದ್ರದ ಪಾಚಿ ಮಾತ್ರ. ಅಂದ್ರೆ ನಮ್ಮ ಮಠದ ಊಟವೇ ಅನ್ನಿ. "ಈ ಹುಡುಗಿ ತಿನ್ನೋದು ಅದನ್ನೇ, ನಾಳೆ ನಾನು ಮಾಡ್ತೀನಿ" ಅಂದ್ರಂತೆ.

ಮಾರನೇ ದಿನ ಮಾಡಿದ್ರು. ಇತೊಕೊನಿ ಅಂತ, ಅಜುಕಿ ಕಾಳು, ಕೆಸುವಿನ ಗೆಡ್ಡೆ, ಮೂಲಂಗಿ, ಕ್ಯಾರೆಟ್ಟು, ಗೋಬೋ ಅನ್ನೋ ಬೇರು, ಎಲ್ಲಾ ಒಟ್ಟಿಗೆ ಬೇಯಿಸಿ ಮಿಸೋ ಹಾಕಿದ್ದು. ಹುಣಸೆಹಣ್ಣು ಇಲ್ದಿರೋ ಕಾಳಿನ ಹುಳಿ ಅನ್ಕೊಳ್ಳಿ. ಶಿನ್‌ರಾನ್‌ಗೆ ಅಜುಕಿ ಅಂದ್ರೆ ಇಷ್ಟ ಇತ್ತಂತೆ. ಕೆಸುವಿನ ಗೆಡ್ಡೆ ನೋಡಿ ನನಗಾದ ಖುಷಿ ಹೇಳಕ್ಕಾಗಲ್ಲ.

ಸರಿ, ಈಗ ಕಾಕಿ. ಶನಿವಾರ ಬೆಳಿಗ್ಗೆ ಕೆನ್‌ರೊಕುಎನ್ ಗಾರ್ಡನ್‌ಗೆ ಕರ್ಕೊಂಡ್ ಹೋದ್ರು. ಹಿಮದ ಭಾರಕ್ಕೆ ಕೊಂಬೆ ಮುರೀಬಾರ್ದು ಅಂತ ನವೆಂಬರ್ 1ರಿಂದ ಮರಗಳಿಗೆ ಹಗ್ಗ ಕಟ್ತಾರೆ, ಮರದ ಮಧ್ಯೆ ಕಂಬ ನಿಲ್ಸಿ ತುದಿಯಿಂದ ಕೊಡೆ ಕಡ್ಡಿ ಥರ ಹಗ್ಗ ಇಳಿಬಿಟ್ಟು ಒಂದೊಂದು ಕೊಂಬೆಗೂ ಗಂಟು. ಚೆನ್ನಾಗಿತ್ತು, ಆದ್ರೆ ಬೆಳಿಗ್ಗೆ ಪೂರ್ತಿ ನಾನು ಗೊಂಬೆ. ಬ್ಯಾಗ್ ಹಿಡ್ಕೊಳ್ಳಕ್ಕೆ ಬಿಡಲ್ಲ, ತಟ್ಟೆ ಎತ್ತಕ್ಕೆ ಬಿಡಲ್ಲ, "ಕೂತ್ಕೊಳ್ಳಿ ಕೂತ್ಕೊಳ್ಳಿ". ಹಿಂದಿನ ರಾತ್ರಿ ಸ್ನಾನದ ತೊಟ್ಟಿಗೂ ನಾನೇ ಮೊದ್ಲು ಇಳೀಬೇಕು, ಅದೇ ನೀರಿಗೆ ಆಮೇಲೆ ಮನೆ ಮಂದಿಯೆಲ್ಲ. ಉಪಚಾರ ಜಾಸ್ತಿ ಆದ್ರೆ ಮೈ ಬಿಗಿಯತ್ತೆ ನೋಡಿ, ಹಂಗಾಗಿತ್ತು.

ಮಧ್ಯಾಹ್ನ ಅಜ್ಜಿ ಹಿಂದಿನ ವರಾಂಡದಲ್ಲಿ ಪೇಪರ್ ಹಾಸ್ಕೊಂಡು ಎರಡು ಕ್ರೇಟ್ ಕಾಕಿ ಹಣ್ಣು ಸುಲೀತಾ ಕೂತಿದ್ರು. ನಾನು ಪಕ್ಕದಲ್ಲಿ ಹೋಗಿ ಕೂತೆ. ಒಕಾಸಾನ್ ಓಡಿ ಬಂದ್ರು, ಬಟ್ಟೆ ಕರೆ ಆಗತ್ತೆ ಒಳಗೆ ಬನ್ನಿ ಅಂತ. ಅಜ್ಜಿ ಅವರನ್ನ ನೋಡ್ದೇನೇ ನನ್ನ ಕೈಗೊಂದು ಚಾಕು ಕೊಟ್ರು.

ಅಷ್ಟೇ ಕಣ್ರಿ. ಆ ಚಾಕು ಕೈಗೆ ಬಂದ್ಮೇಲೆ ನಾನು ನೆಂಟಳಲ್ಲ, ಕೆಲಸದ ಆಳು, ಅದರ ನೆಮ್ಮದಿ ಏನು ಅಂತ ಹೇಳಲಿ.

ಕೆಲಸ ಹೇಗೆ ಅಂದ್ರೆ, ತೊಟ್ಟಿನ ಜೊತೆ ಕೊಂಬೆಯ ಚೂರು ಅಡ್ಡ ಕಡ್ಡಿ ಥರ ಬಿಟ್ಟು ಕಿತ್ತಿರ್ತಾರೆ. ಮೊದ್ಲು ತೊಟ್ಟಿನ ಸುತ್ತ ಚಾಕು ಆಡಿಸಿ ಎಲೆ ತೆಗೀಬೇಕು, ಆಮೇಲೆ ಭುಜದಿಂದ ಕೆಳಗೆ ಸಿಪ್ಪೆ. ಅಜ್ಜಿ ಚಾಕು ಅಲ್ಲಾಡಿಸ್ತಾನೇ ಇರ್ಲಿಲ್ಲ, ಹಣ್ಣು ತಿರುಗಿಸೋರು, ಸಿಪ್ಪೆ ಒಂದೇ ಎಳೆಯಾಗಿ ಮಡಿಲಿಗೆ ಬೀಳೋದು. ನಂದು ಚೂರು ಚೂರು. ಸಿಪ್ಪೆನೂ ಬಿಸಾಕಲ್ಲ, ಒಣಗಿಸಿ ಮೂಲಂಗಿ ಉಪ್ಪಿನಕಾಯಿಗೆ ಹಾಕ್ತಾರೆ. ಹಗ್ಗದ ಎರಡು ತುದಿಗೆ ಎರಡು ಹಣ್ಣು ಸಿಗಿಸಿ, ಕುದಿಯೋ ನೀರಲ್ಲಿ ಹತ್ತು ಎಣಿಸೋಷ್ಟು ಹೊತ್ತು ಅದ್ದಿ (ಬೂಷ್ಟು ಹಿಡೀಬಾರ್ದು ಅಂತ), ಸೂರಿನ ಕೆಳಗೆ ಬಿದಿರಿನ ಗಳಕ್ಕೆ ನೇತು ಹಾಕೋದು, ಒಂದಕ್ಕೊಂದು ತಾಗ್ಬಾರ್ದು. ವಾರ ಕಳೆದ್ಮೇಲೆ ದಿನಾ ಬೆರಳಲ್ಲಿ ಮೆತ್ತಗೆ ಹಿಚುಕ್ತಾ ಇರ್ಬೇಕಂತೆ, ತಿಂಗಳಿಗೆ ಹಣ್ಣಿನ ಸಕ್ಕರೆ ತಾನೇ ಮೇಲೆ ಬಿಳಿ ಹಿಟ್ಟಾಗಿ ಕೂರತ್ತೆ.

ಇದು ಹಸೀದು ತಿನ್ನೋ ಜಾತಿ ಅಲ್ಲ. ಆ ಮೂರನೇ ಕ್ಲಾಸ್ ಪೋರ "ತಾಬೆತೆ ಮಿತೆ" ಅಂತ ಒಂದು ಹೋಳು ಕೊಟ್ಟ, ನಾನು ನಂಬಿ ಕಚ್ಚಿದೆ. ಒಗರು! ಎಳೇ ಬಾಳೆಕಾಯಿ ಕಚ್ಚಿದ್ರೆ ನಾಲಿಗೆ ಮೇಲೆ ಬಟ್ಟೆ ಹೊದಿಸಿದ ಹಾಗಾಗತ್ತಲ್ಲ, ಅದರ ನಾಲ್ಕರಷ್ಟು. ಅವನು ಬಿದ್ದು ಬಿದ್ದು ನಕ್ಕ, ಅಜ್ಜಿನೂ ನಕ್ರು, ಹಲ್ಲು ಕಂಡಿದ್ದು ಆವಾಗ್ಲೇ ಮೊದ್ಲು. ಜಪಾನಿಯಲ್ಲಿ ಇದಕ್ಕೆ ಶಿಬುಯ್ ಅಂತಾರೆ, ನಮ್ಮಲ್ಲಿ ಒಗರು, ಇಂಗ್ಲಿಷ್‌ನಲ್ಲಿ ಹೇಳಕ್ಕೆ ಹೋದ್ರೆ ಮೆಡಿಕಲ್ ಶಾಪ್ ಪದ ಬರತ್ತೆ.

ಸುಲೀತಾ ಸುಲೀತಾ ಮಗಳು ಫೋನ್‌ನಲ್ಲಿ ಅನುವಾದ ಮಾಡಿ ತೋರಿಸಿದ್ಲು: ಈ ಹಣ್ಣು ಶಿಕಾದಿಂದ ಬಂದಿದ್ದು. ಅಜ್ಜಿ ಮನೆನ ಕೆಡವಿದ್ದಾಯ್ತು, ಹಿತ್ತಲ ಮರ ಇದೆ. ಹಿಂದಿನ ಭಾನುವಾರ ಒತೋಸಾನ್ ಕಾರಲ್ಲಿ ಹೋಗಿ ಕಿತ್ಕೊಂಡು ಬಂದಿದ್ರು. ನಾನು ಏನ್ ಹೇಳ್ಲಿ ಗೊತ್ತಾಗದೆ ಇನ್ನೊಂದು ಹಣ್ಣು ತಗೊಂಡೆ. ಒಟ್ಟು ನೂರಾ ಇಪ್ಪತ್ತಾರು ಹಣ್ಣು, ಹುಡುಗ ಎಣಿಸಿದ್ದು.

ಕೈ ಎರಡು ದಿನ ಕಪ್ಪಗಿತ್ತು.

ಹುಬ್ಬಳ್ಯಾಂವ

ಯವ್ವಾ ತಂಗಿ, ಛಲೋ ಬರದೀ. ಮೂಲಂಗಿ ತಿಂದು ಮೀನಿನ ಪ್ಯಾಕೆಟ್ ನೋಡಿದ್ದ ಓದಿ ಚಾ ಮೂಗಿನ್ಯಾಗ ಬಂತ ನನಗ. ಒಂದ ಕೇಳ್ತೀನಿ, ಆ ಮೈಸೂರ್ ಪಾಕ್ ಕಡೀಗೆ ಏನಾತು? ದೇವರ ಮುಂದನ ಕುಂತದನು ಇನ್ನಾ?

ಅರಸೀಕೆರೆ_ಎಕ್ಸ್‌ಪ್ರೆಸ್

ಶನಿವಾರ ಸಂಜೆ ತೆಗೆದ್ರು. ದೇವರ ಮುಂದಿಟ್ಟು ಇಳಿಸಿದ್ದಕ್ಕೆ ಒಸಾಗಾರಿ ಅಂತಾರೆ, ಅಂದ್ರೆ ಪ್ರಸಾದ. ಒಂದು ಪೀಸ್‌ನ ಆರು ತೆಳು ಚೂರು ಮಾಡಿ ಒಬ್ಬೊಬ್ಬರಿಗೆ ಒಂದೊಂದು, ಪುಟ್ಟ ತಟ್ಟೆ, ಪುಟ್ಟ ಬಿದಿರಿನ ಕಡ್ಡಿ, ಜೊತೆಗೆ ಕಹಿ ಗ್ರೀನ್ ಟೀ. ನಾವು ನಿಂತ್ಕೊಂಡೇ ಎರಡು ಪೀಸ್ ಬಾಯಿಗೆ ಹಾಕ್ಕೊಳ್ಳೋ ಜನ, ಅವರು ಒಂದು ಪೀಸ್‌ಗೆ ಇಪ್ಪತ್ತು ನಿಮಿಷ ಕೂತ್ರು. ತುಪ್ಪ ಜಾಸ್ತಿ ಅನ್ನಿಸಿರತ್ತೆ, ಹೇಳ್ಲಿಲ್ಲ.

ಬಂಗುಡೆ_ಪ್ರಿಯೆ

ಒಳ್ಳೆ ಅನುಭವ ಮಾರಾಯ್ರೆ, ಆದ್ರೆ ನಾನೊಂದು ಖಾರದ ಮಾತು ಹೇಳ್ತೇನೆ ಬೇಜಾರು ಮಾಡ್ಬೇಡಿ. ಎರಡು ದಿನಕ್ಕೆ ಒಬ್ಬರ ಮನೆಗೆ ಪುಕ್ಸಟ್ಟೆ ಹೋಗ್ತೀರಿ, ಅವರು ಪ್ರೀತಿಯಿಂದ ಮಾಡಿ ಹಾಕ್ತಾರೆ, ಒಂದು ಚಮಚ ಮೀನಿನ ನೀರಿಗೆ ಆ ಹೆಂಗಸಿನ ಕಣ್ಣಲ್ಲಿ ನೀರು ತರಿಸ್ಬೇಕಿತ್ತಾ? ನವೆಂಬರ್ 6ಕ್ಕೆ ಅಲ್ಲಿ ಏಡಿ ಸೀಸನ್ ಶುರು ಆಗ್ತದೆ, ಇಡೀ ಜಪಾನಿನ ಜನ ಏಡಿ ತಿನ್ಲಿಕ್ಕೆ ಆ ಕಡೆ ಟ್ರೈನ್ ಹತ್ತೋ ಟೈಮು, ಆ ಮನೆಯವ್ರು ನಿಮಗೋಸ್ಕರ ಕುಂಬಳಕಾಯಿ ತಿಂದದ್ದು. ನನಗೆ ಪಾಪ ಅನ್ಸಿದ್ದು ಅವರನ್ನು ನೋಡಿ.

ಅರಸೀಕೆರೆ_ಎಕ್ಸ್‌ಪ್ರೆಸ್

ಬೇಜಾರಿಲ್ಲ. ನಾನು ಅಳಿಸ್ಬೇಕು ಅಂತ ಅಳಿಸಿದ್ದಲ್ಲ, ಮುಖ ಕಂಟ್ರೋಲ್ ಮಾಡಕ್ಕಾಗ್ಲಿಲ್ಲ. ಆದ್ರೆ ಏಡಿ ವಿಷ್ಯ ನನಗೆ ಹೊಳೆದೇ ಇರ್ಲಿಲ್ಲ, ಈಗ ಓದಿ ಚುರ್ ಅಂತು. ಒಂದು ಮಾತ್ರ ಒಪ್ಪಲ್ಲ, ಸುಮ್ನೆ ತಿಂದು ಮುಚ್ಚಿಡೋದು. ಅವರಿಗೆ ಆಮೇಲೆ ಗೊತ್ತಾಗಿದ್ರೆ ಇನ್ನೂ ಕೆಟ್ಟದಾಗಿರ್ತಿತ್ತು. ನಾನು ಮಾಡ್ಬೇಕಿದ್ದಿದ್ದು ಫಾರಂನಲ್ಲೇ ಬಿಡಿಸಿ ಬರೆಯೋದು: ಮೀನು ಬೇಡ, ಕತ್ಸುಓ ಅನ್ನೋ ಮೀನಿನ ದಾಶಿ ಬೇಡ, ಕೊಂಬು ದಾಶಿ ಓಕೆ, ಮೊಟ್ಟೆ ಓಕೆ. ಇಷ್ಟು ಬರೆದಿದ್ರೆ ಕಥೆನೇ ಇರ್ತಿರ್ಲಿಲ್ಲ.

ಹುಬ್ಬಳ್ಯಾಂವ

ಕಥೀನೂ ಇರ್ತಿದ್ದಿಲ್ಲ, ಅಜ್ಜಿ ಹುಳೀನೂ ಇರ್ತಿದ್ದಿಲ್ಲ. ಆದದ್ದ ಛಲೋನ ಆತು ಬಿಡು.

ತ್ಸುಕುಬಾ_ತಿಮ್ಮ

ನಿಮ್ಮ ಲಕ್ ಚೆನ್ನಾಗಿತ್ತು ಅಷ್ಟೇ. ನಾನು ಮೂರು ವರ್ಷದ ಹಿಂದೆ ಬೇರೆ ಪ್ರಿಫೆಕ್ಚರ್‌ನಲ್ಲಿ ಒಂದಕ್ಕೆ ಹೋಗಿದ್ದೆ, ನನ್ನ ಅನುಭವ ಬೇರೆ. ಹೋದ ತಕ್ಷಣ ಯುಕಾತಾ (ಹತ್ತಿ ಕಿಮೋನೊ) ತೊಡಿಸಿದ್ರು, ಟೀ ಕುಡಿಸಿದ್ರು, ಬ್ರಷ್‌ನಲ್ಲಿ ನನ್ನ ಹೆಸ್ರು ಬರೆಸಿದ್ರು, ಒಂದೊಂದಕ್ಕೂ ಫೋಟೋ. ಊಟಕ್ಕೆ ಕೂತಾಗ ಅವರ ಮಗನ ಪಕ್ಕ ಕೂರಿಸಿ "ಇಂಗ್ಲಿಷ್‌ನಲ್ಲಿ ಮಾತಾಡ್ಸಿ" ಅಂತ, ಆ ಹುಡುಗ ಬೆವರ್ತಾ ಇದ್ದ ನಾನೂ ಬೆವರ್ತಾ ಇದ್ದೆ. ಎರಡು ದಿನ ಶೋಕೇಸ್‌ನಲ್ಲಿಟ್ಟ ಹಾಗಾಗಿತ್ತು. ಕೊನೇ ದಿನ ಟ್ರೈನ್ ಹತ್ತಿದ್ಮೇಲೆ ಉಸಿರು ಬಿಟ್ಟೆ, ಅವರೂ ಬಿಟ್ಟಿರ್ತಾರೆ. ಕೆಟ್ಟ ಜನ ಅಲ್ಲ, ತುಂಬಾ ಒಳ್ಳೆಯವ್ರು, ಆದ್ರೆ ಅದು ಮನೆ ಅಲ್ಲ ಮ್ಯೂಸಿಯಂ. ಹೋಮ್‌ಸ್ಟೇಗೆ ಹೋದ್ರೆ ಜಪಾನ್ ಅರ್ಥ ಆಗತ್ತೆ ಅಂತ ಹೋಗೋರಿಗೆ ಹೇಳ್ತಿದೀನಿ, ಜಾಸ್ತಿ ನಿರೀಕ್ಷೆ ಇಟ್ಕೋಬೇಡಿ.

ಅರಸೀಕೆರೆ_ಎಕ್ಸ್‌ಪ್ರೆಸ್

ತಿಮ್ಮ ಅವ್ರೇ ನೀವು ಹೇಳಿದ್ದು ಸುಳ್ಳಲ್ಲ, ಶನಿವಾರ ಮಧ್ಯಾಹ್ನ ಹನ್ನೆರಡರವರೆಗೆ ನಂದೂ ಅದೇ ಕಥೆ. ಆದ್ರೆ ಒಂದು ಕೇಳ್ತೀನಿ, ನೀವು ಅಡುಗೆ ಮನೆಗೆ ಹೋದ್ರಾ? ನಮ್ಮನೆಗೇ ಒಬ್ಬ ಜಪಾನಿ ಹುಡುಗ ಬಂದಿದ್ರೆ ಅಮ್ಮ ಅವನನ್ನ ಹಾಲ್‌ನಲ್ಲಿ ಕೂರಿಸಿ ಬೆಳ್ಳಿ ತಟ್ಟೇಲಿ ಬಡಿಸಿ ಬೀದಿಯವ್ರನ್ನೆಲ್ಲ ಕರೆದು ತೋರಿಸಿರೋರು. ನಾವೂ ಶೋಕೇಸ್ ಪಾರ್ಟಿನೇ. ಅವನು ಹಿತ್ತಲಿಗೆ ಬಂದು ತೆಂಗಿನಕಾಯಿ ಸುಲೀಲಾ ಅಂತ ಕೇಳಿದ್ರೆ ಮಾತ್ರ ಬೇರೆ ಥರ ಆಗ್ತಿತ್ತು.

ತ್ಸುಕುಬಾ_ತಿಮ್ಮ

ಅಡುಗೆ ಮನೆಗೆ ಹೋಗಿಲ್ಲ. ಗಂಡು ಮಕ್ಕಳು ಅಲ್ಲಿ ಹೋಗಿ ನಿಂತ್ರೆ ಅವರಿಗೇ ಇರ್ಸುಮುರ್ಸು ಆಗತ್ತೇನೋ ಅಂತ. ಅಥವಾ ನನ್ನ ಸೋಮಾರಿತನ. ಗೊತ್ತಿಲ್ಲ.

ಬಿಡದಿ_ಹಳಬ

ನಮ್ಮ ಕಾಲದ್ದು ಹೇಳ್ತೀನಿ. 2006ರಲ್ಲಿ ಕಂಪ್ನಿ ಟ್ರೈನಿಂಗ್‌ಗೆ ಬಿಡದಿಯಿಂದ ಟೊಯೋಟಾ ಸಿಟಿಗೆ ಹೋಗಿದ್ವಿ, ಐಚಿ ಪ್ರಿಫೆಕ್ಚರ್. ಒಂದು ವೀಕೆಂಡ್ ಅಲ್ಲಿನ ಒಬ್ಬ ಸೀನಿಯರ್ ಮನೆಗೆ ಕರ್ಕೊಂಡ್ ಹೋದ. ಸ್ನಾನ ಮೊದ್ಲು ನೀನೇ ಮಾಡು ಅಂದ್ರು. ತೊಟ್ಟಿ ಹೊರಗೆ ಸೋಪ್ ಹಚ್ಚಿ ತೊಳ್ಕೊಂಡು ಆಮೇಲೆ ಒಳಗಿಳೀಬೇಕು ಅನ್ನೋದು ಗೊತ್ತಿತ್ತು, ಅದೆಲ್ಲ ಶಿಸ್ತಾಗಿ ಮಾಡ್ದೆ. ಎದ್ದು ಬರೋವಾಗ, ನಾನು ಕೂತ ನೀರಲ್ಲಿ ಇನ್ನೊಬ್ರು ಯಾಕೆ ಕೂರ್ಬೇಕು, ಮರ್ಯಾದೆ ಅಲ್ಲ ಅಂತ ಬಿರಡೆ ಕಿತ್ತು ತೊಟ್ಟಿ ತಿಕ್ಕಿ ತೊಳೆದು ಫಳಫಳ ಮಾಡಿಟ್ಟು ಬಂದೆ. ಮನೆಯವ್ರು ನಾಲ್ಕು ಜನ ಟವೆಲ್ ಹಿಡ್ಕೊಂಡು ಕಾಯ್ತಾ ಇದ್ರು. ಅಷ್ಟೇ ಆಗಿದ್ರೆ ಪರ್ವಾಗಿಲ್ಲ, ಮಾರನೇ ದಿನ ಗೊತ್ತಾಯ್ತು, ಆ ನೀರನ್ನ ಬೆಳಿಗ್ಗೆ ಪೈಪ್ ಹಾಕಿ ವಾಷಿಂಗ್ ಮೆಷೀನ್‌ಗೆ ಎಳ್ಕೊಳ್ತಾರೆ ಅಂತ. ಅಂದ್ರೆ ನಾನು ಸ್ನಾನದ ಜೊತೆ ಬಟ್ಟೆ ಒಗೆಯೋದನ್ನೂ ನಿಲ್ಸಿದ್ದೆ. ಒಬ್ರೂ ಒಂದು ಮಾತು ಆಡ್ಲಿಲ್ಲ. ಮತ್ತೆ ನೀರು ತುಂಬಿಸಿದ್ರು. ಈಗ್ಲೂ ಹೊಸ ವರ್ಷಕ್ಕೆ ಕಾರ್ಡ್ ಬರತ್ತೆ ಅವರಿಂದ.

ಹುಬ್ಬಳ್ಯಾಂವ

"ಮರ್ಯಾದೆ ಅಲ್ಲ ಅಂತ ಬಿರಡೆ ಕಿತ್ತು", ಹಹಹ. ಸರ್ರ, ಕಾರ್ಡಿನ್ಯಾಗ ಏನ ಬರದಿರ್ತಾರ? "ಈ ವರ್ಷ ನೀರ ಉಳದಾವು" ಅಂತನು?

ವ್ಯಾಕರಣ_ಮೇಷ್ಟ್ರು

ಮೂಲ ಬರಹದಲ್ಲಿ ಆ ಹುಡುಗ "ತಾಬೆತೆ ಮಿತೆ" ಅಂದ ಅಂತ ಬರೆದಿದೀರಲ್ಲ, ಯಾರೂ ಗಮನಿಸ್ಲಿಲ್ಲ. ತಾಬೆತೆ ಅಂದ್ರೆ ತಿಂದು, ಮಿತೆ ಅಂದ್ರೆ ನೋಡು. ತಿಂದು ನೋಡು! ಕಣ್ಣಲ್ಲಿ ನೋಡೋದಲ್ಲ, ಪ್ರಯತ್ನ ಮಾಡು ಅನ್ನೋ ಅರ್ಥದಲ್ಲಿ ಎರಡೂ ಭಾಷೇಲಿ "ನೋಡು" ಬರತ್ತೆ. ವಾಸುರೆತೆ ಶಿಮತ್ತಾ ಅಂದ್ರೆ ಮರೆತುಬಿಟ್ಟೆ, ಅಲ್ಲಿ ಆ ಶಿಮತ್ತಾ ಮಾಡೋ ಕೆಲಸವನ್ನೇ ಇಲ್ಲಿ "ಬಿಟ್ಟೆ" ಮಾಡತ್ತೆ. ಅವರ "ತೊ" ನಮ್ಮ "ಅಂತ". ಕ್ರಿಯಾಪದ ಕೊನೇಲಿ, ಪ್ರತ್ಯಯಗಳೆಲ್ಲ ನಾಮಪದ ಆದ್ಮೇಲೆ. ಅದಕ್ಕೇ ನಮ್ಮ ಹುಡುಗರು ಇಂಗ್ಲಿಷ್‌ಗೆ ಹೋಗಿ ಜಪಾನಿಗೆ ಬರೋ ಬದ್ಲು ಕನ್ನಡದಿಂದ ನೇರ ಜಪಾನಿಗೆ ಹಾರಿದ್ರೆ ಅರ್ಧ ವ್ಯಾಕರಣ ಪುಕ್ಕಟೆ ಸಿಗತ್ತೆ ಅಂತ ನಾನು ಬಡ್ಕೊಳ್ಳೋದು.

ಹಾಗಂತ ಎರಡೂ ಒಂದೇ ತಾಯಿ ಮಕ್ಕಳು ಅಂತ ವಾಟ್ಸಾಪ್ ಫಾರ್ವರ್ಡ್ ಶುರು ಮಾಡ್ಬೇಡಿ. ಒನೊ ಸುಸುಮು ಅನ್ನೋ ದೊಡ್ಡ ಜಪಾನಿ ವಿದ್ವಾಂಸರು ತಮಿಳಿಗೂ ಜಪಾನಿಗೂ ಸಂಬಂಧ ಇದೆ ಅಂತ ವರ್ಷಗಟ್ಟಲೆ ವಾದ ಮಾಡಿದ್ರು, ಭಾಷಾಶಾಸ್ತ್ರದವ್ರು ಬಹುತೇಕ ಯಾರೂ ಒಪ್ಪಲಿಲ್ಲ. ವಾಕ್ಯ ಕಟ್ಟೋ ರೀತಿ ಹೋಲೋದು ಬೇರೆ, ನೆಂಟಸ್ತನ ಬೇರೆ.

ಅರಸೀಕೆರೆ_ಎಕ್ಸ್‌ಪ್ರೆಸ್

ಮೇಷ್ಟ್ರೇ!! ಇದಕ್ಕೆ ಸೇರಿದ್ದೇ ಒಂದು ಬರೆಯೋದು ಬಿಟ್ಟಿದ್ದೆ. ಭಾನುವಾರ ಹೊರಡೋವಾಗ ಗೆಂಕಾನ್‌ನಲ್ಲಿ (ಬಾಗ್ಲ ಒಳಗಿನ ಶೂ ಬಿಡೋ ಜಾಗ) ಶೂ ಹಾಕ್ಕೊಂಡು, ಹಿಂದಿನ ರಾತ್ರಿನೇ ಬ್ರಷ್ ಮಾಡ್ತಾ ಪ್ರಾಕ್ಟೀಸ್ ಮಾಡಿದ್ದ ಥ್ಯಾಂಕ್ಸ್ ಭಾಷಣ ಒಪ್ಪಿಸಿ, ಕೊನೆಗೆ "ಸಯೋನಾರಾ" ಅಂದೆ. ಅಜ್ಜಿ ತಲೆ ಅಲ್ಲಾಡಿಸಿದ್ರು. "ಇತ್ತೆ ಕಿಮಾಸು" ಅನ್ನು ಅಂದ್ರು. ನನಗೆ ಆ ಮಾತು ಗೊತ್ತಿತ್ತು, ಪಾಠದಲ್ಲಿ ಬಂದಿತ್ತು, ಮನೆಯಿಂದ ಆಫೀಸಿಗೆ ಸ್ಕೂಲಿಗೆ ಹೋಗೋರು ಹೇಳೋದು ಅಂತ ಉರು ಹೊಡೆದಿದ್ದೆ, ಆದ್ರೆ ಬಿಡಿಸಿ ನೋಡಿರ್ಲಿಲ್ಲ. ಇತ್ತೆ ಅಂದ್ರೆ ಹೋಗಿ, ಕಿಮಾಸು ಅಂದ್ರೆ ಬರ್ತೀನಿ. ಅಂದ್ರೆ ನಮ್ಮಜ್ಜಿ "ಹೋಗ್ತೀನಿ ಅನ್ಬಾರ್ದು, ಹೋಗ್ಬರ್ತೀನಿ ಅನ್ಬೇಕು" ಅಂತ ಬಾಗ್ಲಲ್ಲಿ ಬೈತಿದ್ರಲ್ಲ, ಅದೇ ಬೈಗುಳ. ಹೇಳ್ದೆ. ಐದೂ ಜನ ಒಟ್ಟಿಗೆ "ಇತ್ತೆರಾಶ್ಶಾಯ್" ಅಂದ್ರು, ಹೋಗಿ ಬಾ ಅಂತ. ಕಾರಲ್ಲಿ ಕೂತ್ಮೇಲೆ ಸ್ಟೇಷನ್‌ವರೆಗೂ ನಾನು ಮಾತಾಡ್ಲಿಲ್ಲ, ಒತೋಸಾನ್ ರೇಡಿಯೋ ಸೌಂಡ್ ಸ್ವಲ್ಪ ಜಾಸ್ತಿ ಮಾಡಿದ್ರು.

ಸುಮ್ನೆ_ಓದೋನು

ನಾನು ಏಪ್ರಿಲ್‌ನಲ್ಲಿ ಬರ್ತಿದೀನಿ, ಸೆಂದಾಯ್ ಕಡೆ. ಮೂರು ಡೌಟು. ಜಪಾನಿ ಎಷ್ಟು ಬರ್ಬೇಕು? ಗಿಫ್ಟ್ ಎಷ್ಟು ದುಡ್ಡಿಂದು ಇರ್ಬೇಕು? ಶೀರ್ಷಿಕೇಲಿ ಯೂಜು ಚಿತ್ರಾನ್ನ ಅಂತಿದೆ, ಅದು ಎಲ್ಲಿ?

ಅರಸೀಕೆರೆ_ಎಕ್ಸ್‌ಪ್ರೆಸ್

ಚಿತ್ರಾನ್ನ! ಮರೆತೇಬಿಟ್ಟೆ. ಭಾನುವಾರ ಬೆಳಿಗ್ಗೆ ನಾನು ಮಾಡಿದ್ದು. ಸಾಸಿವೆ, ಅರಿಶಿನ, ಕಡ್ಲೆಬೇಳೆ, ಒಣಮೆಣಸಿನಕಾಯಿ ಡಾರ್ಮಿಂದ ತಗೊಂಡ್ ಹೋಗಿದ್ದೆ, ಕಡ್ಲೆಕಾಯಿ ಅವರ ಮನೇಲೇ ಇತ್ತು, ಕರಿಬೇವು ಇಲ್ಲ. ನಿಂಬೆಹಣ್ಣು ಇರ್ಲಿಲ್ಲ, ಅಜ್ಜಿ ಬುಟ್ಟಿಯಿಂದ ಯೂಜು ಕೊಟ್ರು, ಹಳದಿ ಬಣ್ಣದ ಗಂಟುಗಂಟು ನಿಂಬೆ, ವಾಸನೆ ನಮ್ಮ ಗಜನಿಂಬೆಗೂ ಕಿತ್ತಳೆಗೂ ಮಧ್ಯೆ. ಎಣ್ಣೆಗೆ ಸಾಸಿವೆ ಹಾಕ್ದೆ, ಚಟಪಟ ಅಂತು ನೋಡಿ, ಹುಡುಗ ಟೇಬಲ್ ಕೆಳಗೆ ಹೋದ. ಭೂಕಂಪದ ಡ್ರಿಲ್‌ನಲ್ಲಿ ಸ್ಕೂಲಲ್ಲಿ ಹೇಳ್ಕೊಟ್ಟಿರೋದು, ತಮಾಷೆಗೇ ಮಾಡಿದ್ದು, ಆದ್ರೂ ಒಂದು ಕ್ಷಣ ಎಲ್ರೂ ಅಜ್ಜಿ ಮುಖ ನೋಡಿದ್ರು. ಅಜ್ಜಿ ಮುಚ್ಚಳ ತಗೊಂಡು ಬಾಣಲೆ ಮುಚ್ಚಿದ್ರು ಅಷ್ಟೇ.

ಅನ್ನದ ಕಥೆ ಕೇಳ್ಬೇಡಿ. ಜಪಾನಿ ಅಕ್ಕಿ ಅಂಟು, ಉದುರುದುರು ಆಗಲ್ಲ, ಕಲಸಿದ್ರೆ ಹಳದಿ ಮುದ್ದೆ. ನಾನು ತಲೆ ಮೇಲೆ ಕೈ ಹೊತ್ತಿದ್ದೆ, ಒಕಾಸಾನ್ ಕೈ ಒದ್ದೆ ಮಾಡ್ಕೊಂಡು ಅದನ್ನೇ ತ್ರಿಕೋನದ ಒನಿಗಿರಿ ಉಂಡೆ ಕಟ್ಬಿಟ್ರು, ಮೇಲೆ ಕಡ್ಲೆಕಾಯಿ. ಚಿತ್ರಾನ್ನದ ಒನಿಗಿರಿ. ಹೇಳಿದ್ರೆ ನಮ್ಮಮ್ಮ ನಂಬ್ಲಿಲ್ಲ, ಫೋಟೋ ಕಳಿಸ್ದೆ, "ಅಯ್ಯೋ ಕರ್ಮ" ಅಂದ್ರು. ಚೆನ್ನಾಗಿತ್ತು ನಿಜವಾಗ್ಲೂ. ಅರಿಶಿನ ಅವರ ಬಿಳೀ ಟವೆಲ್‌ಗೆ ಹತ್ತಿದೆ, ಅದು ಹೋಗಲ್ಲ ಅಂತ ಹೇಳೋ ಧೈರ್ಯ ಆಗ್ಲಿಲ್ಲ.

ಜಪಾನಿ ನಂದು ಎನ್4 ಪಾಸು, ಅಂದ್ರೆ ಐದು ಹಂತದಲ್ಲಿ ಕೆಳಗಿಂದ ಎರಡನೇದು. ಸಾಕಾಗತ್ತೆ, ಉಳಿದಿದ್ದು ಫೋನು. ಗಿಫ್ಟಿಗೆ ದುಡ್ಡು ಸುರೀಬೇಡ, ಜಾಸ್ತಿ ಬೆಲೆದು ಕೊಟ್ರೆ ಅವರು ವಾಪಸ್ ಏನಾದ್ರೂ ಕೊಡ್ಬೇಕಲ್ಲ ಅಂತ ಒದ್ದಾಡ್ತಾರೆ. ಊರಿನ ತಿಂಡಿ ತಗೊಂಡ್ ಹೋಗು, ಬಿಡಿ ಬಿಡಿ ಪೀಸ್ ಇದ್ರೆ ಒಳ್ಳೇದು. ಹೋದ್ಮೇಲೆ ವಾರದೊಳಗೆ ಕೈಯಲ್ಲಿ ಬರೆದ ಥ್ಯಾಂಕ್ಸ್ ಕಾರ್ಡ್ ಹಾಕು, ಅದು ಮುಖ್ಯ. ಮತ್ತೆ ಸಾಕ್ಸ್ ತೂತಿರೋದು ಹಾಕ್ಕೊಂಡ್ ಹೋಗ್ಬೇಡ.

ಬಂಗುಡೆ_ಪ್ರಿಯೆ

ಚಿತ್ರಾನ್ನದ ಒನಿಗಿರಿ ಒಳಗೆ ಒಂದು ತುಂಡು ಬಂಗುಡೆ ಇಟ್ಟಿದ್ರೆ ನಾನು ನಿಮ್ಮನ್ನು ಕ್ಷಮಿಸ್ತಿದ್ದೆ.

ತಮಾಷೆ. ಆ ಅಜ್ಜಿಯ ಮರದ ಸುದ್ದಿ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಲ್ಲಿ ಮತ್ತೆ ಮನೆ ಕಟ್ಟಿಸ್ತಾರಂತಾ?

ಅರಸೀಕೆರೆ_ಎಕ್ಸ್‌ಪ್ರೆಸ್

ಕೇಳ್ಲಿಲ್ಲ ನಾನು. ಶನಿವಾರ ರಾತ್ರಿ ಗುಡುಗು ಸಿಕ್ಕಾಪಟ್ಟೆ, ಈ ಕಡೆ ಚಳಿಗಾಲ ಶುರು ಆಗೋದೇ ಗುಡುಗಿಂದ, ಅದಕ್ಕೆ ಬುರಿ ಒಕೋಶಿ ಅಂತಾರೆ, ಬುರಿ ಮೀನನ್ನ ಎಬ್ಬಿಸೋ ಗುಡುಗು ಅಂತ. ನನಗೆ ನಿದ್ದೆ ಬರ್ದೆ ನೀರು ಕುಡಿಯಕ್ಕೆ ಎದ್ರೆ ಅಜ್ಜಿ ವರಾಂಡದಲ್ಲಿ ಟಾರ್ಚ್ ಹಿಡ್ಕೊಂಡು, ಹಣ್ಣಿಗೆ ಮಳೆ ಎರಚತ್ತಾ ಅಂತ ನೋಡ್ತಿದ್ರು. ಇಬ್ರೂ ಸೇರಿ ಗಳನ ಒಳಗಡೆಗೆ ಸರಿಸಿದ್ವಿ. ಮಾತೇನೂ ಆಡ್ಲಿಲ್ಲ.

ಅರಸೀಕೆರೆ_ಎಕ್ಸ್‌ಪ್ರೆಸ್

ಮೂರು ವಾರ ಆದ್ಮೇಲೆ ಅಪ್‌ಡೇಟ್. ಇವತ್ತು ಒಕಾಸಾನ್ ಲೈನ್‌ನಲ್ಲಿ (ಇಲ್ಲಿನ ವಾಟ್ಸಾಪ್ ಥರದ ಆ್ಯಪ್) ಫೋಟೋ ಕಳ್ಸಿದಾರೆ. ಹಣ್ಣು ಸುಕ್ಕಾಗಿ ಕಂದು ಬಣ್ಣಕ್ಕೆ ಬಂದಿದೆ, ಒಂದೆರಡಕ್ಕೆ ಆಗ್ಲೇ ಬಿಳಿ ಹಿಟ್ಟು. ನೂರಾ ಇಪ್ಪತ್ತಾರರಲ್ಲಿ ಒಂಬತ್ತಕ್ಕೆ ಬೂಷ್ಟು, ಅದರಲ್ಲಿ ಏಳು ನಾನು ಸುಲಿದಿದ್ದಂತೆ, ಚೂರು ಚೂರು ಸಿಪ್ಪೆ ಗುರುತಿಂದ ಅಜ್ಜಿ ಕಂಡುಹಿಡಿದಿದಾರೆ. ಉಳಿದಿದ್ದು ಹೊಸ ವರ್ಷಕ್ಕೆ ರೆಡಿ, ಬಂದು ತಗೊಂಡ್ ಹೋಗು, ಪಾರ್ಸಲ್ ಮಾಡಲ್ಲ ಅಂತ ಅಜ್ಜಿ ಹೇಳಿದಾರಂತೆ. ಬರೋವಾಗ ಆ ಚಟಪಟ ಕಾಳು ಒಂದು ಪ್ಯಾಕೆಟ್ ತರ್ಬೇಕಂತೆ.